ಕಾಲೇಜಿಗೆ ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?

ಸಿಇಟಿ ಸೀಟು ಹಂಚಿಕೆ ಮುಗಿದು, ಫೀ ಕಟ್ಟಿ, ಹಾಸ್ಟೆಲ್ಲೋ ಬಸ್ ಪಾಸೋ ಒಂದು ವ್ಯವಸ್ಥೆ ಆಯಿತೆಂದರೆ ಮನೆಯಲ್ಲಿ ಮುಂದಿನ ಚರ್ಚೆ ಕಂಪ್ಯೂಟರಿನದು. ಮಗಳು ಲ್ಯಾಪ್‌ಟಾಪ್ ಬೇಕೆನ್ನುತ್ತಾಳೆ. ಅದೇ ದುಡ್ಡಿಗೆ ಇನ್ನೂ ಗಟ್ಟಿಯಾದ ಡೆಸ್ಕ್‌ಟಾಪ್ ಬರುತ್ತದೆ ಎಂದು ಸೋದರಮಾವ ಹೇಳುತ್ತಾರೆ. ಅಂಗಡಿಯವರು ಆ ದಿನ ಸ್ಟಾಕಿನಲ್ಲಿ ಇರುವುದನ್ನು ಹೊಗಳುತ್ತಾರೆ. ಮೂವರೂ ಹೇಳುವುದು ಸುಳ್ಳಲ್ಲ. ಆದರೆ ಇಲ್ಲಿ ಮೊದಲು ಕೇಳಬೇಕಾದದ್ದು ಯಾವ ಕಂಪನಿ, ಯಾವ ಮಾಡೆಲ್ ಎಂದಲ್ಲ. ಮುಂದಿನ ಮೂರು-ನಾಲ್ಕು ವರ್ಷ ವಿದ್ಯಾರ್ಥಿ ಮಲಗುವುದು ಎಲ್ಲಿ, ಓದಲು ಕೂರುವುದು ಎಲ್ಲಿ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ಪಿಜಿ ಮತ್ತು ಹಾಸ್ಟೆಲ್ಲಿನವರ ವಿಷಯ ಚಿಕ್ಕದು, ಮೊದಲು ಮುಗಿಸಿಬಿಡೋಣ. ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿ ಕೋಣೆಯಲ್ಲಿ ಒಬ್ಬರ ಪಾಲಿಗೆ ಸಿಗುವುದು ಒಂದು ಮಂಚ, ಬೀರುವಿನಲ್ಲಿ ಒಂದು ಖಾನೆ, ಪುಣ್ಯವಿದ್ದರೆ ತಲೆದಿಂಬಿನ ಹತ್ತಿರ ಒಂದು ಪ್ಲಗ್ ಪಾಯಿಂಟ್. ಮೇಜು ಇರುವುದಿಲ್ಲ, ಇದ್ದರೂ ಅದರ ಮೇಲೆ ಇಸ್ತ್ರಿಪೆಟ್ಟಿಗೆ, ಹಾರ್ಲಿಕ್ಸ್ ಡಬ್ಬಿ ಕೂತಿರುತ್ತವೆ. ಡೆಸ್ಕ್‌ಟಾಪ್ ಇಡಲು ಅಲ್ಲಿ ಜಾಗವೇ ಇಲ್ಲ. ಸೆಮಿಸ್ಟರ್ ಮುಗಿದಾಗ ಕೋಣೆ ಖಾಲಿ ಮಾಡಬೇಕಾಗಿ ಬಂದರೆ ಮಾನಿಟರು, ಕ್ಯಾಬಿನೆಟ್ಟು ಹೊತ್ತುಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ಪಾಡು ಬೇರೆ. ಇವರು ಲ್ಯಾಪ್‌ಟಾಪೇ ತೆಗೆದುಕೊಳ್ಳಲಿ. ನಿಜವಾದ ಆಯ್ಕೆ ಇರುವುದು ಮನೆಯಿಂದ ದಿನಾ ಕಾಲೇಜಿಗೆ ಓಡಾಡುವವರಿಗೆ, ಅಥವಾ ಗೆಳೆಯರ ಜೊತೆ ಬಾಡಿಗೆ ಮನೆ ಮಾಡಿಕೊಂಡು ಸ್ವಂತ ಮೇಜು ಹಾಕಿಕೊಳ್ಳಬಲ್ಲವರಿಗೆ.

ಹೆಸರು ಒಂದೇ, ಬಲ ಬೇರೆ

ಎರಡರ ಒಳಗೂ ಇರುವ ಭಾಗಗಳು ಅವೇ. ಲೆಕ್ಕ ಮಾಡುವುದು ಪ್ರಾಸೆಸರ್. ತೆರೆದಿಟ್ಟ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವುದು ರ‍್ಯಾಮ್. ಫೈಲುಗಳನ್ನು ಶಾಶ್ವತವಾಗಿ ಇಡುವ ಜಾಗ ಎಸ್‌ಎಸ್‌ಡಿ; ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಿಂತ ಇದು ತುಂಬ ವೇಗ. ತೆರೆಯ ಮೇಲೆ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಚಿಪ್. ಸಾಮಾನ್ಯವಾಗಿ ಇದು ಪ್ರಾಸೆಸರಿನೊಳಗೇ ಇರುತ್ತದೆ. ತ್ರೀಡಿ ವಿನ್ಯಾಸ, ಆನಿಮೇಶನ್, ಗೇಮ್ ಮುಂತಾದ ಭಾರಿ ಕೆಲಸಕ್ಕೆ ಬೇರೆಯೇ ಗ್ರಾಫಿಕ್ಸ್ ಕಾರ್ಡ್ ಬೇಕು.

ಭಾಗಗಳು ಅವೇ ಆದರೆ ವ್ಯತ್ಯಾಸ ಎಲ್ಲಿ? ಶಾಖದಲ್ಲಿ. ಡೆಸ್ಕ್‌ಟಾಪ್ ಕ್ಯಾಬಿನೆಟ್ ದೊಡ್ಡದು. ಒಳಗೆ ಗಾಳಿಯಾಡುತ್ತದೆ, ಅಂಗೈಯಗಲದ ಫ್ಯಾನುಗಳಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಇಷ್ಟನ್ನೂ ಎರಡು ಬೆರಳು ದಪ್ಪದ ಜಾಗಕ್ಕೆ ತುರುಕಿರುತ್ತಾರೆ. ಕಾವು ಹೆಚ್ಚಾದಂತೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಹತ್ತು ನಿಮಿಷದ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ. ಎರಡು ಗಂಟೆ ವಿಡಿಯೊ ರೆಂಡರ್ ಮಾಡುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಆದ್ದರಿಂದ ಸ್ಟಿಕರ್ ನೋಡಿ ಮೋಸ ಹೋಗಬೇಡಿ. ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಕಾರ್ಡನ್ನೇ ತೆಗೆದುಕೊಳ್ಳಿ. ಡೆಸ್ಕ್‌ಟಾಪಿನಲ್ಲಿ ಅದು 115 ವ್ಯಾಟ್ ವಿದ್ಯುತ್ ಬಳಸುತ್ತದೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ನಿಗದಿ ಮಾಡಬಹುದು. ತೆಳ್ಳಗಿನ ಲ್ಯಾಪ್‌ಟಾಪಿಗೆ ಕಡಿಮೆ, ದಪ್ಪನೆಯದಕ್ಕೆ ಹೆಚ್ಚು. ಹೊರಗಿನ ಹೆಸರು ಮಾತ್ರ ಒಂದೇ. ಪ್ರಾಸೆಸರ್ ವಿಷಯವೂ ಹೀಗೆಯೇ. ಇಂಟೆಲ್ ಮಾಡೆಲ್ ನಂಬರಿನ ಕೊನೆಯಲ್ಲಿ ‘ಯು’ ಅಕ್ಷರ ಇದ್ದರೆ ಬ್ಯಾಟರಿ ಉಳಿಸುವ ಚಿಪ್, ‘ಎಚ್’ ಇದ್ದರೆ ಹೆಚ್ಚು ಬಲದ್ದು. ‘ಸಾರ್, ಇದು ಐ7’ ಎಂದು ಅಂಗಡಿಯವರು ಹೇಳಿದಾಗ ‘ಯು ಸೀರೀಸೋ, ಎಚ್ ಸೀರೀಸೋ, ಎಷ್ಟನೇ ಜನರೇಶನ್’ ಎಂದು ಕೇಳಿ ನೋಡಿ. ಮಾತಿನ ಧಾಟಿ ಬದಲಾಗುತ್ತದೆ. ಹಳೆಯ ಐ7ಗಿಂತ ಹೊಸ ಐ5 ವೇಗವಾಗಿರುವುದು ಮಾಮೂಲು.

ಕೋರ್ಸ್ ಏನು ಬೇಡುತ್ತದೆ

ಬಿಎ, ಎಂಎ ಓದುವವರಿಗೆ ಬರೆಯಲು, ಓದಲು, ಇಂಟರ್ನೆಟ್ ನೋಡಲು ಒಂದು ಯಂತ್ರ ಸಾಕು. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಯಾವುದಾದರೂ ನಡೆಯುತ್ತದೆ. ಕನ್ನಡದಲ್ಲಿ ಪ್ರಬಂಧ ಬರೆಯುವವರು ನುಡಿ ತಂತ್ರಾಂಶ ಹಾಕಿಕೊಂಡು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಲಿ. ಹಳೆಯ ಫಾಂಟಿನಲ್ಲಿ ಇನ್ನೂರು ಪುಟ ಟೈಪ್ ಮಾಡಿ ಕೊನೆಗೆ ಪರಿವರ್ತಿಸಲು ಹೊರಟರೆ ಒತ್ತಕ್ಷರಗಳು ಕೈಕೊಡುತ್ತವೆ.

ಬಿಕಾಂನವರಿಗೂ ಹೆಚ್ಚು ಬಲ ಬೇಡ. ಎಕ್ಸೆಲ್, ಟ್ಯಾಲಿ ಎರಡೂ ಹಗುರ. ಟ್ಯಾಲಿ ಪ್ರೈಮ್ ಕಲಿಯಲು ಲೈಸೆನ್ಸ್ ಕೊಳ್ಳಬೇಕಿಲ್ಲ, ಎಜುಕೇಶನಲ್ ಮೋಡ್‌ನಲ್ಲಿ ಉಚಿತವಾಗಿ ನಡೆಯುತ್ತದೆ. ಆದರೆ ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ವೋಚರುಗಳನ್ನು ಮಾತ್ರ ನಮೂದಿಸಬಹುದು. ಅಭ್ಯಾಸಕ್ಕೆ ಅಷ್ಟು ಧಾರಾಳ. ಟ್ಯಾಲಿ ಪ್ರೈಮ್ ಇರುವುದು ವಿಂಡೋಸ್‌ಗೆ, ಮ್ಯಾಕ್‌ಬುಕ್‌ನಲ್ಲಿ ನೇರವಾಗಿ ನಡೆಯುವುದಿಲ್ಲ ಎಂಬುದು ನೆನಪಿರಲಿ.

ಬಿಸಿಎ, ಕಂಪ್ಯೂಟರ್ ಸೈನ್ಸ್‌ನವರು 16 ಜಿಬಿ ರ‍್ಯಾಮ್‌ಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಸಿ, ಪೈಥಾನ್ ಪ್ರೋಗ್ರಾಮ್ 8 ಜಿಬಿಯಲ್ಲೂ ಓಡುತ್ತವೆ, ನಿಜ. ಆಂಡ್ರಾಯ್ಡ್ ಸ್ಟುಡಿಯೊ ತೆರೆದು, ಅದರಲ್ಲೇ ಎಮ್ಯುಲೇಟರ್ ಹಾಕಿ, ಪಕ್ಕದಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬ್ ಇಟ್ಟುಕೊಂಡಾಗ 8 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಎಮ್ಯುಲೇಟರ್ ಅಂದರೆ ತೆರೆಯ ಮೇಲೆ ಓಡುವ ನಕಲಿ ಫೋನು. ಎಐ, ಮಷೀನ್ ಲರ್ನಿಂಗ್ ಎಂದಾಕ್ಷಣ ಲಕ್ಷ ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಹೆದರಬೇಡಿ. ಗೂಗಲ್ ಕೊಲ್ಯಾಬ್‌ನಲ್ಲಿ ಬ್ರೌಸರ್ ಮೂಲಕವೇ ಅವರ ಗ್ರಾಫಿಕ್ಸ್ ಚಿಪ್ಪನ್ನು ಮಿತವಾಗಿ, ಉಚಿತವಾಗಿ ಬಳಸಬಹುದು. ಕಲಿಕೆಯ ಹಂತದ ಪ್ರಾಜೆಕ್ಟುಗಳಿಗೆ ಅದೇ ಸಾಕಾಗುತ್ತದೆ.

ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳದ್ದು ಬೇರೆ ಕಥೆ. ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ರೆವಿಟ್ ಇವೆಲ್ಲ ವಿಂಡೋಸ್ ಬೇಡುವ ತಂತ್ರಾಂಶಗಳು. ಸಾಲಿಡ್ ಎಡ್ಜ್‌ಗೆ ಉಚಿತ ವಿದ್ಯಾರ್ಥಿ ಆವೃತ್ತಿ ಇದೆ. ಆಟೊಕ್ಯಾಡ್, ರೆವಿಟ್ ತಯಾರಿಸುವ ಆಟೊಡೆಸ್ಕ್ ಕೂಡ ವಿದ್ಯಾರ್ಥಿ ಎಂದು ದಾಖಲೆ ಕೊಟ್ಟವರಿಗೆ ಒಂದು ವರ್ಷ ಉಚಿತ ಪರವಾನಗಿ ಕೊಡುತ್ತದೆ, ವರ್ಷ ವರ್ಷ ನವೀಕರಿಸಿಕೊಳ್ಳಬಹುದು. ಹೀಗಿರುವಾಗ ಪೆನ್‌ಡ್ರೈವ್‌ನಲ್ಲಿ ಸಿಗುವ ಕಳ್ಳಪ್ರತಿ ಹಾಕಿಕೊಂಡು ವೈರಸ್ ಬರಮಾಡಿಕೊಳ್ಳುವುದು ಯಾಕೆ? ಆರ್ಕಿಟೆಕ್ಚರ್‌ನವರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು. ಸ್ಟುಡಿಯೊಗೆ, ಜ್ಯೂರಿಗೆ ಯಂತ್ರ ಹೊತ್ತೊಯ್ಯುವುದೂ ತಪ್ಪಿದ್ದಲ್ಲ. ಮನೆಯಲ್ಲೇ ಇದ್ದರೂ ಲ್ಯಾಪ್‌ಟಾಪೇ ಇವರ ಪಾಲಿಗೆ. ಅದೂ ದಪ್ಪನೆಯದು, ಭಾರದ್ದು, ದುಬಾರಿಯದು.

ಒಂದು ವಿಷಯ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಬಹುಪಾಲು ಕಂಪ್ಯೂಟರ್ ಕೆಲಸ ಕಾಲೇಜಿನ ಲ್ಯಾಬ್‌ನಲ್ಲೇ ನಡೆಯುತ್ತದೆ. ಕಾಲೇಜು ಶುರುವಾಗಿ ಒಂದೆರಡು ವಾರ ಕಾಯ್ದು, ಅದೇ ಬ್ರಾಂಚಿನ ಮೂರನೇ ವರ್ಷದವರನ್ನು ಕೇಳಿ ಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ.

ಖರ್ಚಿನ ಲೆಕ್ಕ

‘ಅದೇ ದುಡ್ಡಿಗೆ ಗಟ್ಟಿ ಡೆಸ್ಕ್‌ಟಾಪ್ ಬರುತ್ತದೆ’ ಎಂಬ ಮಾತನ್ನು ಈಗ ಲೆಕ್ಕ ಹಾಕಿ ನೋಡೋಣ. ಕೆಳಗಿನವು ಅಂದಾಜು ಬೆಲೆಗಳು. 2025ರ ಕೊನೆಯಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಕೊಳ್ಳುವ ವಾರದ ದರ ಕೇಳಿಯೇ ಮುಂದುವರಿಯಿರಿ.

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಐ5 ಅಥವಾ ರೈಜನ್ 5 ಇರುವ ಲ್ಯಾಪ್‌ಟಾಪಿಗೆ ಸುಮಾರು 50ರಿಂದ 65 ಸಾವಿರ ರೂಪಾಯಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ 75 ಸಾವಿರದಿಂದ ಮೇಲೆ.

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪಿಗೆ 35-40 ಸಾವಿರ ಎಂದು ಅಂಗಡಿಯವರು ಹೇಳುವುದು ಕ್ಯಾಬಿನೆಟ್ ಮತ್ತು ಅದರೊಳಗಿನ ಭಾಗಗಳಿಗೆ ಮಾತ್ರ. ಅದರ ಮೇಲೆ 22 ಅಥವಾ 24 ಇಂಚಿನ ಮಾನಿಟರಿಗೆ 7ರಿಂದ 9 ಸಾವಿರ. ಕೀಬೋರ್ಡ್, ಮೌಸ್‌ಗೆ ಒಂದು ಸಾವಿರ. ಯುಪಿಎಸ್‌ಗೆ ಮೂರು ಸಾವಿರ. ಆನ್‌ಲೈನ್ ಪರೀಕ್ಷೆ, ಪ್ಲೇಸ್‌ಮೆಂಟ್ ಸಂದರ್ಶನಕ್ಕೆ ವೆಬ್‌ಕ್ಯಾಮ್ ಬೇಕು, ಅದಕ್ಕೆ ಒಂದೂವರೆ ಸಾವಿರ. ಮದರ್‌ಬೋರ್ಡ್‌ನಲ್ಲಿ ವೈಫೈ ಇಲ್ಲದಿದ್ದರೆ ಅದಕ್ಕೊಂದು ಅಡಾಪ್ಟರ್. ವಿಂಡೋಸ್ ಲೈಸೆನ್ಸ್ ಬೇರೆ, ಸುಮಾರು ಹತ್ತು ಸಾವಿರ. ಎಲ್ಲ ಕೂಡಿಸಿದರೆ ಲ್ಯಾಪ್‌ಟಾಪಿನ ಬೆಲೆಯ ಹತ್ತಿರವೇ ಬಂದು ನಿಲ್ಲುತ್ತದೆ. ಅಂದರೆ ಸಾಧಾರಣ ಕೆಲಸಕ್ಕೆ ಡೆಸ್ಕ್‌ಟಾಪ್ ಅಗ್ಗ ಎಂಬ ಮಾತು ಈಗ ಅಷ್ಟಾಗಿ ನಿಲ್ಲುವುದಿಲ್ಲ. ಅಗ್ಗವಾಗುವುದು ಎರಡು ಕಡೆ: ಗ್ರಾಫಿಕ್ಸ್ ಕಾರ್ಡ್ ಬೇಡುವ ಭಾರಿ ಕೆಲಸದಲ್ಲಿ, ಮತ್ತು ಕೆಟ್ಟಾಗ.

ವಿಂಡೋಸ್‌ಗೆ ಖರ್ಚು ಮಾಡಲು ಇಷ್ಟವಿಲ್ಲದವರು ಉಬುಂಟು ಹಾಕಿಕೊಳ್ಳಬಹುದು. ಅದು ಉಚಿತ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಒಳ್ಳೆಯದೂ ಹೌದು. ಆನ್‌ಲೈನಿನಲ್ಲಿ ಕೆಲವು ಲ್ಯಾಪ್‌ಟಾಪುಗಳು ಆರೇಳು ಸಾವಿರ ಕಡಿಮೆಗೆ ಕಂಡರೆ ವಿವರ ಪೂರ್ತಿ ಓದಿ. ‘ಡಾಸ್’ ಎಂದಿದ್ದರೆ ವಿಂಡೋಸ್ ಇಲ್ಲವೆಂದೇ ಅರ್ಥ.

ಕೆಟ್ಟಾಗಿನ ಮಾತಿಗೆ ಬರೋಣ. ಡೆಸ್ಕ್‌ಟಾಪಿನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಒಗ್ಗಿಸಿ ಕೊಡುವ ಪೆಟ್ಟಿಗೆ. ಎರಡು-ಮೂರು ಸಾವಿರಕ್ಕೆ ಹೊಸದು ಬರುತ್ತದೆ, ಊರಿನ ಕಂಪ್ಯೂಟರ್ ಅಂಗಡಿಯ ಹುಡುಗ ಅರ್ಧ ಗಂಟೆಯಲ್ಲಿ ಬದಲಿಸಿ ಕೊಡುತ್ತಾನೆ. ಮೂರನೇ ವರ್ಷ ರ‍್ಯಾಮ್ ಸಾಲದಾದರೆ ಇನ್ನೊಂದು ಸೇರಿಸಿದರಾಯಿತು. ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡ್ ಹೋದರೆ ಅದರ ಬೆಲೆ ಯಂತ್ರದ ಮೂರನೇ ಒಂದು ಭಾಗಕ್ಕೂ ಮುಟ್ಟಬಹುದು. ತೆರೆ ಒಡೆದರೆ, ಹಿಂಜು ಮುರಿದರೆ, ಚಹಾ ಚೆಲ್ಲಿದರೆ ಮಾಮೂಲಿ ವಾರಂಟಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಎಂದು ಪ್ರತ್ಯೇಕ ಹಣ ಕಟ್ಟಬೇಕು. ದಿನಾ ಬಸ್ಸಿನಲ್ಲಿ ನಿಂತು ಓಡಾಡುವವರಿಗೆ ಅದು ದಂಡವಲ್ಲ ಎನ್ನುವುದು ನನ್ನ ಅಭಿಪ್ರಾಯ. ಬ್ಯಾಟರಿಯೂ ಮೂರು-ನಾಲ್ಕು ವರ್ಷಕ್ಕೆ ಸೊರಗುತ್ತದೆ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ. ಸದಾ ಪ್ಲಗ್‌ನಲ್ಲಿಟ್ಟು ಬಳಸುವವರು ಅದನ್ನು ಹಾಕಿಕೊಂಡರೆ ಆಯಸ್ಸು ಹೆಚ್ಚುತ್ತದೆ.

ರ‍್ಯಾಮ್ ಸೇರಿಸುವ ಅವಕಾಶ ಇದೆಯೇ ಎಂಬುದನ್ನು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ನೋಡಿ. ತೆಳ್ಳಗಿನವುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಅಂಗಡಿಯಲ್ಲಿ ಡೆಮೊ ಯಂತ್ರವಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿಸಿ. ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂದು ಅಲ್ಲೇ ಕಾಣುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬೆಸೆದ ರ‍್ಯಾಮನ್ನೂ ಸ್ಲಾಟ್ ಎಂದೇ ಅದು ತೋರಿಸುವುದುಂಟು. ಹಾಗಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ವಿವರವನ್ನೂ ಓದಿಕೊಳ್ಳಿ.

ಕರೆಂಟು, ಗುಡುಗು, ಸಿಡಿಲು

ಈ ಮಾತು ಬೆಂಗಳೂರಿನವರಿಗಿಂತ ಹಳ್ಳಿಯವರಿಗೆ, ಮಲೆನಾಡಿನವರಿಗೆ ಹೆಚ್ಚು ಮುಖ್ಯ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಲ್ಯಾಪ್‌ಟಾಪಿನ ಬ್ಯಾಟರಿಯೇ ದೊಡ್ಡ ಆಸ್ತಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಉಳಿಸದ ಕೆಲಸವೆಲ್ಲ ಹೋಯಿತು. ಮಾಮೂಲಿ 600 ವಿಎ ಯುಪಿಎಸ್ ಹತ್ತು-ಹದಿನೈದು ನಿಮಿಷ ತಡೆದುಕೊಳ್ಳುತ್ತದೆ. ಅದು ಇರುವುದು ಫೈಲ್ ಉಳಿಸಿ ಯಂತ್ರ ಆರಿಸುವುದಕ್ಕೆ, ಕೆಲಸ ಮುಂದುವರಿಸುವುದಕ್ಕಲ್ಲ. ಅದರ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಯುಪಿಎಸ್ ಬೇಕೇ? ಬಹಳ ಜನ ಕೇಳುವ ಪ್ರಶ್ನೆ ಇದು. ಅನೇಕ ಇನ್ವರ್ಟರುಗಳಲ್ಲಿ ‘ಯುಪಿಎಸ್’ ಮತ್ತು ‘ಇಕೊ’ ಎಂಬ ಎರಡು ಮೋಡ್‌ಗಳ ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ ಹಿಂಬದಿಯಲ್ಲಿ. ಯುಪಿಎಸ್ ಮೋಡ್‌ನಲ್ಲಿ ಕರೆಂಟು ಹೋದ ಕೂಡಲೇ ಬ್ಯಾಟರಿಗೆ ಬದಲಾಗುವ ಸಮಯ ತುಂಬ ಕಡಿಮೆ, ಕಂಪ್ಯೂಟರ್ ಆರುವುದಿಲ್ಲ. ಇಕೊ ಮೋಡ್‌ನಲ್ಲಿ ಫ್ಯಾನು, ಬಲ್ಬಿಗೆ ಏನೂ ಆಗದಿದ್ದರೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ನಿಮ್ಮ ಇನ್ವರ್ಟರಿನಲ್ಲಿ ಆ ಸ್ವಿಚ್ ಇದ್ದು, ಮೇಜಿನ ಹತ್ತಿರದ ಪಾಯಿಂಟಿಗೆ ಇನ್ವರ್ಟರ್ ಲೈನ್ ಇದ್ದರೆ ಬೇರೆ ಯುಪಿಎಸ್ ಖರ್ಚು ಉಳಿಯಿತು.

ಕ್ಯಾಬಿನೆಟ್ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೆ ಕಂಪ್ಯೂಟರನ್ನು ಬೈಯಬೇಡಿ. ಮನೆಯ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ಬ್ರಾಡ್‌ಬ್ಯಾಂಡ್ ರೌಟರಿನಿಂದ ಬರುವ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ತಂತಿ ಹಿಡಿದು ಆ ದಾರಿಯಲ್ಲೂ ಬರುತ್ತದೆ. ಮಲೆನಾಡು, ಕರಾವಳಿಯ ರಿಪೇರಿ ಅಂಗಡಿಗಳಿಗೆ ಮಳೆಗಾಲದ ಹಿಂದೆ ಮುಂದೆ ಕೆಲಸ ಹೆಚ್ಚುವುದು ಇದರಿಂದಲೇ.

ಬಿಲ್ಲಿನ ಲೆಕ್ಕ ಹೀಗಿದೆ. ಡೆಸ್ಕ್‌ಟಾಪ್, ಮಾನಿಟರ್ ಸೇರಿ 100 ವ್ಯಾಟ್ ಎಂದುಕೊಂಡು ದಿನಕ್ಕೆ 6 ಗಂಟೆ ಓಡಿಸಿದರೆ ತಿಂಗಳಿಗೆ 18 ಯೂನಿಟ್. ಲ್ಯಾಪ್‌ಟಾಪಿಗೆ 40 ವ್ಯಾಟ್ ಎಂದರೆ 7 ಯೂನಿಟ್. ದೊಡ್ಡ ಅಂತರವಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಮಿತಿಯ ಅಂಚಿನಲ್ಲೇ ಇದ್ದೀರಾದರೆ ಮಾತ್ರ ಈ ಹನ್ನೊಂದು ಯೂನಿಟ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು.

ನಡುದಾರಿ

ನನ್ನನ್ನು ಕೇಳಿದರೆ ಬಹುಪಾಲು ವಿದ್ಯಾರ್ಥಿಗಳಿಗೆ ಒಪ್ಪುವುದು ಮಧ್ಯಮ ಬೆಲೆಯ ಲ್ಯಾಪ್‌ಟಾಪು, ಮನೆಯಲ್ಲಿ ಒಂದು ಮಾನಿಟರು. ಎಂಬತ್ತು ಸಾವಿರದ ಲ್ಯಾಪ್‌ಟಾಪ್ ಬದಲು ಐವತ್ತೈದರದ್ದು ಕೊಂಡು, ಉಳಿದದ್ದರಲ್ಲಿ ಎಂಟು ಸಾವಿರದ ಮಾನಿಟರ್, ಒಂದು ಕೀಬೋರ್ಡ್, ಮೌಸ್ ತನ್ನಿ. ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಮನೆಯಲ್ಲಿ ಡೆಸ್ಕ್‌ಟಾಪ್, ಕಿತ್ತುಕೊಂಡು ಹೊರಟರೆ ಲ್ಯಾಪ್‌ಟಾಪ್. ಗಂಟೆಗಟ್ಟಲೆ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೂತವರ ಕುತ್ತಿಗೆ ಏನಾಗುತ್ತದೆಂದು ಐಟಿ ಕೆಲಸದಲ್ಲಿರುವ ಯಾರನ್ನಾದರೂ ಕೇಳಿ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಇಟ್ಟುಕೊಂಡರೆ ಆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಮಾನಿಟರ್ ಮೊದಲ ವರ್ಷವೇ ಬೇಕೆಂದಿಲ್ಲ, ದೀಪಾವಳಿ ಆಫರಿನಲ್ಲಿ ತಂದರೂ ಆಯಿತು.

ಹಾಗಾದರೆ ಅಪ್ಪಟ ಡೆಸ್ಕ್‌ಟಾಪ್ ಯಾರಿಗೆ? ಮನೆಯಲ್ಲೇ ಇದ್ದು ಆನಿಮೇಶನ್, ವಿಡಿಯೊ ಎಡಿಟಿಂಗ್ ಕಲಿಯುವವರಿಗೆ. ಅಕ್ಕ, ತಮ್ಮ, ಅಪ್ಪ ಎಲ್ಲರೂ ಹಂಚಿಕೊಂಡು ಬಳಸುವ ಮನೆಗೆ. ಮತ್ತೆ, ಕೈಯಲ್ಲಿ ಇಪ್ಪತ್ತು-ಇಪ್ಪತ್ತೈದು ಸಾವಿರ ಮಾತ್ರ ಇರುವವರಿಗೆ. ಈ ಕೊನೆಯವರು ಆ ದುಡ್ಡಿಗೆ ಸಿಗುವ ಹೊಸ ಲ್ಯಾಪ್‌ಟಾಪನ್ನು ದಯವಿಟ್ಟು ಕೊಳ್ಳಬೇಡಿ. ಸಪೂರ ಪ್ರಾಸೆಸರ್, ಕಡಿಮೆ ರ‍್ಯಾಮಿನ ಅಂಥವು ಎರಡನೇ ವರ್ಷಕ್ಕೇ ಕಣ್ಣೀರು ಹಾಕಿಸುತ್ತವೆ. ಅದರ ಬದಲು ಕಂಪನಿಗಳು ಬಳಸಿ ಬಿಟ್ಟ, ಶುಚಿ ಮಾಡಿ ಮಾರುವ ರೀಫರ್ಬಿಶ್ಡ್ ಯಂತ್ರ ನೋಡಿ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಈ ಬಗೆಯಲ್ಲಿ ಸಿಗುವ ಡೆಸ್ಕ್‌ಟಾಪುಗಳು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪುಗಳು. ಒಂದೇ ಷರತ್ತು: ಇಂಟೆಲ್ ಆದರೆ 8ನೇ ಜನರೇಶನ್‌ಗಿಂತ ಹಳೆಯದು ಬೇಡ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಅಂಗಡಿಯಿಂದ ಲಿಖಿತವಾಗಿ ಆರು ತಿಂಗಳೋ ಒಂದು ವರ್ಷವೋ ವಾರಂಟಿ ಪಡೆಯಿರಿ.

ಎಲ್ಲಿ, ಹೇಗೆ ಕೊಳ್ಳುವುದು

ಅಸೆಂಬಲ್ ಮಾಡಿಸುವವರಿಗೆ ಬೆಂಗಳೂರಿನ ಎಸ್‌ಪಿ ರೋಡ್ ಇದ್ದೇ ಇದೆ. ಅಲ್ಲಿ ಒಂದೇ ಅಂಗಡಿಯಲ್ಲಿ ನಿರ್ಧಾರ ಮಾಡಬೇಡಿ. ಪ್ರಾಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ ಹೀಗೆ ಪ್ರತಿಯೊಂದರ ಕಂಪನಿ, ಮಾಡೆಲ್, ಬೆಲೆ ಬೇರೆಬೇರೆಯಾಗಿ ಬರೆದು ಕೊಡಲು ಹೇಳಿ. ಮೂರು ಅಂಗಡಿಯ ಚೀಟಿ ಪಕ್ಕಪಕ್ಕ ಇಟ್ಟರೆ ಯಾರು ಎಲ್ಲಿ ಕೈಚಳಕ ತೋರಿಸಿದ್ದಾರೆ ಎಂದು ಕಾಣುತ್ತದೆ. ಹೆಚ್ಚಾಗಿ ಅದು ಎಸ್‌ಎಂಪಿಎಸ್‌ನಲ್ಲಿ. ಹೆಸರಿಲ್ಲದ ಕಂಪನಿಯದು ಹಾಕಿ ಸಾವಿರ ಉಳಿಸುತ್ತಾರೆ, ಅದು ಸುಟ್ಟಾಗ ಪಕ್ಕದ ಭಾಗಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ‘ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡ್ತೀನಿ ಅಕ್ಕಾ’ ಎಂಬ ಮಾತಿಗೆ ಒಪ್ಪಬೇಡಿ. ಬಿಡಿಭಾಗಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಕಂಪನಿ ವಾರಂಟಿ ಇರುತ್ತದೆ. ಜಿಎಸ್‌ಟಿ ಬಿಲ್ ಇಲ್ಲದೆ ಅದನ್ನು ಕೇಳುವುದು ಕಷ್ಟ.

ಲ್ಯಾಪ್‌ಟಾಪಿಗೆ ಊರಿನ ಅಂಗಡಿಯೂ ಆದೀತು, ಆನ್‌ಲೈನೂ ಆದೀತು. ಜೂನ್‌ನಿಂದ ಆಗಸ್ಟ್‌ವರೆಗೆ ಕಂಪನಿಗಳು ವಿದ್ಯಾರ್ಥಿಗಳಿಗೆಂದು ಆಫರ್ ಬಿಡುತ್ತವೆ, ಅದೇ ಬೆಲೆಗೆ ವಾರಂಟಿ ಹೆಚ್ಚಿಸಿ ಕೊಡುವುದೂ ಉಂಟು. ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿ ಇದೆಯೇ ನೋಡಿ. ಆನ್‌ಸೈಟ್ ವಾರಂಟಿ ಎಂದರೆ ಅವರೇ ಮನೆಗೆ ಬರುತ್ತಾರೆ. ಕ್ಯಾರಿ-ಇನ್ ಎಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಬೀದರಿನ ಹಳ್ಳಿಯವರಿಗೂ ಜಯನಗರದವರಿಗೂ ಈ ಎರಡರ ಅರ್ಥ ಒಂದೇ ಅಲ್ಲ.

ಒಟ್ಟಿಗೆ ದುಡ್ಡು ಹೊಂದಿಸಲಾಗದವರು ಗಮನಿಸಿ: ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರ್ ಖರೀದಿಯನ್ನೂ ಸಾಲದ ಮೊತ್ತದಲ್ಲಿ ಸೇರಿಸಲು ಅವಕಾಶವಿದೆ. ಸಾಲದ ಅರ್ಜಿ ಹಾಕುವಾಗಲೇ ಅಂಗಡಿಯ ಕೊಟೇಶನ್ ಲಗತ್ತಿಸಿ ಕೇಳಿ. ಮಂಜೂರಾದ ಮೇಲೆ ಸೇರಿಸಿ ಎಂದರೆ ಬ್ಯಾಂಕಿಗೆ ಓಡಾಡಿ ಸಾಕಾಗುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ರಾಜ್ಯದ ಕಲ್ಯಾಣ ಮಂಡಳಿ ಲ್ಯಾಪ್‌ಟಾಪ್ ವಿತರಿಸಿದ್ದೂ ಉಂಟು. ಇಂಥ ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕಾರ್ಮಿಕ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಸ್ವಂತ ದುಡ್ಡಿಗೆ ಕೈಹಾಕಿ.

ಆನ್‌ಲೈನಿನಲ್ಲಿ ತರಿಸಿದವರು ಬಾಕ್ಸ್ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಾಕ್ಸಿನ ಮೇಲಿನ ಸೀರಿಯಲ್ ನಂಬರ್, ಯಂತ್ರದ ತಳದ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಂದು ಶುರುವಾಗಿದೆ ನೋಡಿ. ನಾಲ್ಕು ತಿಂಗಳ ಹಿಂದೆಯೇ ಶುರುವಾಗಿದ್ದರೆ ಅಂಗಡಿಯವರಿಗೆ ಬಿಲ್ ತೋರಿಸಿ ಸರಿಪಡಿಸಿಕೊಳ್ಳಿ. ತೆರೆಯ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕೆಗಳಿವೆಯೇ ಪರೀಕ್ಷಿಸಿ. ಪ್ರತಿ ಕೀ ಒತ್ತಿ, ಕ್ಯಾಮೆರಾ, ಸ್ಪೀಕರ್, ಎಲ್ಲ ಯುಎಸ್‌ಬಿ ಪೋರ್ಟ್ ನೋಡಿ. ದೋಷವಿದ್ದರೆ ಬದಲಿಸಿ ಕೊಡುವ ಅವಧಿ ಅನೇಕ ಕಡೆ ಏಳೇ ದಿನ. ಒಳ್ಳೆಯ ದಿನ ನೋಡಿ ಪೂಜೆ ಮಾಡಿ ತೆರೆಯೋಣ ಎಂದು ಬಾಕ್ಸನ್ನು ಕಪಾಟಿನ ಮೇಲಿಟ್ಟರೆ ಆ ಏಳು ದಿನ ಅಲ್ಲೇ ಕಳೆದುಹೋಗುತ್ತದೆ. ಕುಂಕುಮ ಹಚ್ಚುವುದಿದ್ದರೆ ಬಂದ ದಿನವೇ ಹಚ್ಚಿ, ಫ್ಯಾನಿನ ಕಿಂಡಿ ಬಿಟ್ಟು ಬೇರೆ ಕಡೆ.